ದಮ್ಮಿನ ಲೆಕ್ಕ ಯಾರ ಕಡತದಲ್ಲಿದೆ? ಶಿವಮೊಗ್ಗ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ, ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ಹಾಗೂ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ತೀರ್ಥಹಳ್ಳಿ ತಾಲ್ಲೂಕಿನ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕನೊಬ್ಬನ ನಮಸ್ಕಾರಗಳು.

ಮಾನ್ಯರೇ,

ಬೆಂಗಳೂರಿನಿಂದ ಮಲೆನಾಡಿಗೆ ಬರುವ ನೆಂಟರು ಕಾರಿನಿಂದ ಇಳಿಯುತ್ತಲೇ ಎದೆ ತುಂಬ ಉಸಿರೆಳೆದುಕೊಂಡು, ನಿಮ್ಮೂರಲ್ಲಿ ಆಕ್ಸಿಜನ್ ಎಷ್ಟು ಸಮೃದ್ಧವಾಗಿದೆ ಎನ್ನುವುದನ್ನು ನಾವೆಲ್ಲ ಕೇಳಿದ್ದೇವೆ, ಕೇಳಿ ಹೆಮ್ಮೆಪಟ್ಟಿದ್ದೇವೆ. ಆ ಮಾತಿನಲ್ಲಿ ಪ್ರೀತಿ ಇದೆ, ಆದರೆ ಅದು ನಿಜವಲ್ಲ. ಆಗುಂಬೆಯ ಕಾಡಿನ ನಡುವೆ ನಿಂತರೂ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಿಂತರೂ ಒಣಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡಾ 20.9 ಮಾತ್ರ. ನಮ್ಮಲ್ಲಿ ಹೊಗೆ, ದೂಳು ಕಡಿಮೆ, ಅದು ದೊಡ್ಡ ಭಾಗ್ಯವೇ ಸರಿ. ಆದರೆ 1,343 ಮೀಟರ್ ಎತ್ತರದ ಕೊಡಚಾದ್ರಿಯ ನೆತ್ತಿಯಲ್ಲಿ ಗಾಳಿಯ ಒತ್ತಡ ತಗ್ಗುವುದರಿಂದ ಅಲ್ಲಿ ಒಂದೊಂದು ಉಸಿರಿಗೆ ದಕ್ಕುವ ಆಮ್ಲಜನಕ ಶಿವಮೊಗ್ಗ ಪೇಟೆಯಲ್ಲಿ ದಕ್ಕುವುದಕ್ಕಿಂತ ತುಸು ಕಡಿಮೆಯೇ. ಗಾಳಿ ಎಲ್ಲರಿಗೂ ಒಂದೇ. ಅದರಲ್ಲಿರುವ ಆಮ್ಲಜನಕವನ್ನು ಎಳೆದುಕೊಂಡು, ಸ್ನಾಯುವಿನವರೆಗೆ ಮುಟ್ಟಿಸಿ, ಅಲ್ಲಿ ಉರಿಸಿ ಕೆಲಸಕ್ಕೆ ಹಚ್ಚುವ ಶಕ್ತಿ ಮಾತ್ರ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ನಮ್ಮ ಕಡೆ ಅದಕ್ಕೆ ದಮ್ಮು ಎನ್ನುತ್ತಾರೆ. ಆ ದಮ್ಮು ನಮ್ಮ ಜಿಲ್ಲೆಯ ಜನರಲ್ಲಿ, ಅದರಲ್ಲೂ ಮಕ್ಕಳಲ್ಲಿ ಮತ್ತು ಮೂವತ್ತು–ನಲವತ್ತರ ಪ್ರಾಯದವರಲ್ಲಿ, ಕಣ್ಣೆದುರೇ ಕುಗ್ಗುತ್ತಿರುವುದನ್ನು ಮೂರು ದಶಕಗಳ ಕಾಲ ಶಾಲೆಯ ಮೈದಾನದಲ್ಲಿ ನಿಂತು ನೋಡಿದವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಇನ್ನೂ ಅನೇಕ ಮನೆಗಳ ಮೇಜಿನ ಖಾನೆಯಲ್ಲಿದೆ. ಕಳೆದ ದೀಪಾವಳಿಗೆ ಹೊಸನಗರ ತಾಲ್ಲೂಕಿನಲ್ಲಿರುವ ಅಕ್ಕನ ಮನೆಗೆ ಹೋದಾಗ ನಾನು ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಅವರ ಅಡಿಕೆ ತೋಟ ಕೆಳಗಿನ ಕಣಿವೆಯಲ್ಲಿ, ಮನೆ ಮೇಲಿನ ದಿಬ್ಬದಲ್ಲಿ. ನಡುವೆ ಜಂಬಿಟ್ಟಿಗೆ ಕಡಿದು ಮಾಡಿದ 84 ಮೆಟ್ಟಿಲು. ಅಕ್ಕನಿಗೆ 71 ವರ್ಷ. ಅವಳ ಮಗ, ನನ್ನ ಸೋದರಳಿಯನಿಗೆ 36. ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮನೆಯಿಂದಲೇ ಮಾಡುತ್ತಾನೆ. ತೋಟದಲ್ಲಿ ಇಬ್ಬರ ಬೆರಳಿಗೂ ಆಕ್ಸಿಮೀಟರ್ ಸಿಕ್ಕಿಸಿದಾಗ ಇಬ್ಬರದೂ 98. ಅಕ್ಕ ಹಸಿಹುಲ್ಲಿನ ಹೊರೆ ತಲೆಗೇರಿಸಿಕೊಂಡು ಒಂದೇ ನಡಿಗೆಯಲ್ಲಿ ಮೇಲೆ ಬಂದಳು. ಅಳಿಯ ಬರಿಗೈಯಲ್ಲಿ ಬಂದರೂ ಎರಡು ಕಡೆ ನಿಂತ; ಎರಡನೆಯ ಸಲ ನಿಂತಾಗ ಮಂಡಿಯ ಮೇಲೆ ಕೈಯೂರಿದ. ಮೇಲೆ ಮತ್ತೆ ಅಳೆದಾಗ ಆಮ್ಲಜನಕದ ಅಂಕಿ ಇಬ್ಬರದೂ 97. ನಾಡಿ ಮಾತ್ರ ಅಕ್ಕನದು 112, ಅಳಿಯನದು 158. ಎರಡು ನಿಮಿಷ ಕಳೆದ ಮೇಲೆ ಅಕ್ಕನ ನಾಡಿ 86ಕ್ಕೆ ಇಳಿದಿತ್ತು, ಅಳಿಯನದು ಇನ್ನೂ 130ರಲ್ಲೇ ಇತ್ತು. ಅಕ್ಕ ಆ ಪುಟ್ಟ ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಎಂಥದ್ದೋ ಮಾರಾಯ, ಈ ಮಿಷನ್ನಿಗೆ ದಮ್ಮು ಗೊತ್ತಾಗೋದಿಲ್ವಾ?" ಎಂದಳು.

ಗೊತ್ತಾಗುವುದಿಲ್ಲ. ಅಕ್ಕ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಳು. ಶ್ವಾಸಕೋಶದಿಂದ ಹೊರಟ ರಕ್ತದಲ್ಲಿ ಹಿಮೋಗ್ಲೋಬಿನ್ನಿನ ಎಷ್ಟು ಪಾಲು ಆಮ್ಲಜನಕವನ್ನು ಹೊತ್ತಿದೆ ಎಂಬುದನ್ನಷ್ಟೇ ಆಕ್ಸಿಮೀಟರ್ ಹೇಳುತ್ತದೆ. ಆರೋಗ್ಯವಂತರಲ್ಲಿ ಆ ಪಾಲು ಸದಾ ನೂರರ ಹತ್ತಿರವೇ ಇರುವುದರಿಂದ, ಎಷ್ಟೇ ದೀರ್ಘವಾಗಿ ಉಸಿರೆಳೆದರೂ ಅದಕ್ಕೆ ಹೆಚ್ಚೇನನ್ನೂ ಸೇರಿಸಲಾಗದು. ನಾವು ಹೊರಬಿಡುವ ಉಸಿರಿನಲ್ಲಿ ಇನ್ನೂ ಶೇಕಡಾ 16ರಷ್ಟು ಆಮ್ಲಜನಕ ಉಳಿದಿರುತ್ತದೆ. ಉಸಿರು ನಿಂತವರ ಬಾಯಿಗೆ ಬಾಯಿ ಇಟ್ಟು ಊದಿದರೆ ಅವರು ಬದುಕುವ ಸಾಧ್ಯತೆ ಇರುವುದು ಇದರಿಂದಲೇ. ಅಂದರೆ ಬಹುತೇಕರಲ್ಲಿ ಕೊರತೆ ಇರುವುದು ಗಾಳಿಯಲ್ಲಿಯೂ ಅಲ್ಲ, ಶ್ವಾಸಕೋಶದಲ್ಲಿಯೂ ಅಲ್ಲ. ಅದರ ಮುಂದಿನ ಹಾದಿಯಲ್ಲಿ. ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತ ತಳ್ಳಬಲ್ಲದು, ಆ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ, ಸ್ನಾಯುವಿನೊಳಗೆ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಎಷ್ಟು ದಟ್ಟವಾಗಿ ಹಬ್ಬಿವೆ, ಜೀವಕೋಶಗಳೊಳಗೆ ಆಮ್ಲಜನಕವನ್ನು ಬಳಸುವ ಮೈಟೊಕಾಂಡ್ರಿಯಗಳು ಎಷ್ಟಿವೆ ಎಂಬ ನಾಲ್ಕು ಸಂಗತಿಗಳು ಕೂಡಿ ಒಬ್ಬರ ದಮ್ಮನ್ನು ತೀರ್ಮಾನಿಸುತ್ತವೆ. ಹೃದಯ ತಳ್ಳಿದ ರಕ್ತದ ಪ್ರಮಾಣವನ್ನು, ಆ ರಕ್ತದ ಒಂದೊಂದು ಲೀಟರಿನಿಂದ ದೇಹ ಹೀರಿಕೊಂಡ ಆಮ್ಲಜನಕದ ಪ್ರಮಾಣದಿಂದ ಗುಣಿಸಿದರೆ ಬಳಕೆಯ ಲೆಕ್ಕ ಸಿಗುತ್ತದೆಂದು ಜರ್ಮನಿಯ ಅಡಾಲ್ಫ್ ಫಿಕ್ 1870ರಲ್ಲೇ ತೋರಿಸಿಕೊಟ್ಟಿದ್ದರು.

60 ಕಿಲೋ ತೂಕದ ವ್ಯಕ್ತಿ ಸುಮ್ಮನೆ ಕುಳಿತಿರುವಾಗ ನಿಮಿಷಕ್ಕೆ ಸುಮಾರು 210 ಮಿಲಿಲೀಟರ್ ಆಮ್ಲಜನಕ ಬಳಸುತ್ತಾನೆ. ಅಂದರೆ ಕಿಲೋ ತೂಕಕ್ಕೆ 3.5 ಮಿಲಿಲೀಟರ್. ಏರು ಹತ್ತುವಾಗ ಇದು ಏಳೆಂಟು ಪಟ್ಟು ಏರಬಹುದು. ಎಲ್ಲಿಯವರೆಗೆ ಏರಬಹುದು ಎಂಬುದಕ್ಕೆ ಪ್ರತಿಯೊಬ್ಬರಲ್ಲೂ ಒಂದು ಮಿತಿ ಇದೆ. ಮ್ಯಾಂಚೆಸ್ಟರಿನಲ್ಲಿ ಪ್ರಾಧ್ಯಾಪಕರಾಗಿದ್ದ ಎ.ವಿ. ಹಿಲ್ ತಾವೇ ಬೆನ್ನಿಗೆ ಚೀಲ ಕಟ್ಟಿಕೊಂಡು, ಹುಲ್ಲುಹಾಸಿನ ಮೇಲೆ ಸುತ್ತು ಹಾಕಿ ಓಡಿ, ಬಿಟ್ಟ ಉಸಿರನ್ನೆಲ್ಲ ಆ ಚೀಲದಲ್ಲಿ ತುಂಬಿ ಅಳೆದರು. ಎಷ್ಟೇ ವೇಗವಾಗಿ ಓಡಿದರೂ ತಮ್ಮ ಬಳಕೆ ನಿಮಿಷಕ್ಕೆ ನಾಲ್ಕು ಲೀಟರಿನ ಆಸುಪಾಸಿನಲ್ಲಿ ನಿಂತುಬಿಡುತ್ತದೆ ಎಂದು 1923ರಲ್ಲಿ ಪ್ರಕಟಿಸಿದರು. ಇಂದು ವಿಓ-ಟೂ ಮ್ಯಾಕ್ಸ್ ಎಂದು ದುಬಾರಿ ಕೈಗಡಿಯಾರಗಳು ತೋರಿಸುವ ಅಂಕಿಯ ಮೂಲ ಇದು. ಗಡಿಯಾರ ತೋರಿಸುವುದು ಅಂದಾಜು ಮಾತ್ರ, ಆದರೆ ಅದು ಅಂದಾಜು ಮಾಡಹೊರಟ ಸಂಗತಿ ಅತ್ಯಂತ ಮಹತ್ವದ್ದು. ಅಮೆರಿಕದ ಹೃದಯ ಸಂಘವು 2016ರಲ್ಲಿ ಈ ಸಾಮರ್ಥ್ಯವನ್ನು ರಕ್ತದೊತ್ತಡ, ನಾಡಿಯಂತೆಯೇ ಜೀವಲಕ್ಷಣವೆಂದು ಪರಿಗಣಿಸಿ ರೋಗಿಗಳಲ್ಲಿ ಅಳೆಯಬೇಕೆಂದು ವೈದ್ಯರಿಗೆ ಹೇಳಿತು. ಅದಕ್ಕೂ ಮುಂಚೆ, 2002ರಲ್ಲಿ, ಆರು ಸಾವಿರಕ್ಕೂ ಹೆಚ್ಚು ಗಂಡಸರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ಹಲವು ವರ್ಷ ಹಿಂಬಾಲಿಸಿದ ಅಧ್ಯಯನವೊಂದರಲ್ಲಿ, ವಿಶ್ರಾಂತಿಯ ಬಳಕೆಯ ಒಂದೊಂದು ಪಟ್ಟಿನಷ್ಟು ಸಾಮರ್ಥ್ಯ ಹೆಚ್ಚಿದ್ದವರಲ್ಲಿ ಬದುಕುಳಿಯುವ ಸಾಧ್ಯತೆ ಶೇಕಡಾ 12ರಷ್ಟು ಹೆಚ್ಚಿತ್ತು.

ನಮ್ಮ ಹಿರಿಯರಿಗೆ ಈ ಸಾಮರ್ಥ್ಯ ಯಾರೂ ಹೇಳಿಕೊಡದೆ ಬಂದಿತ್ತು. ಸೊಪ್ಪಿನ ಬೆಟ್ಟದಿಂದ ಸೊಪ್ಪು ಹೊತ್ತು ತರುವುದು, ಬಾವಿಯಿಂದ ನೀರು ಸೇದುವುದು, ಸಂಕ ದಾಟಿ ಮೂರು ನಾಲ್ಕು ಮೈಲಿ ಒಳದಾರಿಯಲ್ಲಿ ಶಾಲೆಗೆ ಹೋಗಿಬರುವುದು, ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಾದವನು ದಿನವಿಡೀ ಮರದಿಂದ ಮರಕ್ಕೆ ಹತ್ತಿ ಇಳಿಯುವುದು, ಇವೆಲ್ಲ ಹೊಟ್ಟೆಪಾಡಿನ ಕೆಲಸಗಳಾಗಿದ್ದರೂ ಹೃದಯಕ್ಕೂ ಸ್ನಾಯುವಿಗೂ ನಿತ್ಯದ ಅಭ್ಯಾಸವಾಗಿದ್ದವು. ಈಗ ಕೊನೆ ಕೊಯ್ಯಲು ನೆಲದಲ್ಲೇ ನಿಂತು ಬಳಸುವ ದೋಟಿ ಬಂದಿದೆ, ಅಡಿಕೆ ಸುಲಿಯಲು ಯಂತ್ರ ಬಂದಿದೆ, ಗದ್ದೆಗೆ ಟಿಲ್ಲರ್ ಬಂದಿದೆ, ಅಂಗಳದವರೆಗೆ ರಸ್ತೆ ಬಂದಿದೆ. ನಾನು ಇವುಗಳಲ್ಲಿ ಒಂದನ್ನೂ ಹಿಂದಕ್ಕೆ ಕಳಿಸಿ ಎನ್ನುವವನಲ್ಲ. ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರ ಮನೆಗೆ ಹೋಗಿ ಕುಳಿತವನು ನಾನು. ಹೊರೆ ಹೊತ್ತು ಹೊತ್ತು ನಲವತ್ತಕ್ಕೇ ಸೊಂಟ ಬಗ್ಗಿದ ಹೆಂಗಸರನ್ನು ಕಂಡವನು. ಆ ದುಡಿಮೆಯ ಕಷ್ಟ ಹೋಗಲೇಬೇಕಿತ್ತು. ಆದರೆ ಕಷ್ಟದೊಂದಿಗೆ ಅದರೊಳಗಿದ್ದ ಅಭ್ಯಾಸವೂ ಹೊರಟುಹೋಯಿತು. ಅದರ ಜಾಗಕ್ಕೆ ಏನನ್ನು ತರಬೇಕೆಂದು ಯಾವ ಇಲಾಖೆಯೂ ಯೋಚಿಸಿದಂತೆ ನನಗೆ ಕಾಣುವುದಿಲ್ಲ.

ದುಡಿಮೆಯಲ್ಲಿ ಅಡಗಿದ ಈ ಲಾಭವನ್ನು ಮೊದಲು ಲೆಕ್ಕ ಹಾಕಿ ತೋರಿಸಿದವರು ಲಂಡನ್ನಿನ ವೈದ್ಯ ಜೆರೆಮಿ ಮಾರಿಸ್. ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುವ ಚಾಲಕರಿಗಿಂತ, ಟಿಕೆಟ್ ಕೊಡಲು ದಿನಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಎಂದು ಅವರು 1953ರಲ್ಲಿ ಪ್ರಕಟಿಸಿದರು. ಒಂದೇ ಸಂಸ್ಥೆ, ಒಂದೇ ಬಸ್ಸು, ಒಂದೇ ಊರು, ಬೇರೆಯಾಗಿದ್ದುದು ಮೆಟ್ಟಿಲು. ಅಕ್ಕನ ಮನೆಯ 84 ಮೆಟ್ಟಿಲು ಹತ್ತುವಾಗಲೆಲ್ಲ ನನಗೆ ಆ ಕಂಡಕ್ಟರುಗಳು ನೆನಪಾಗುತ್ತಾರೆ.

ಅಭ್ಯಾಸ ತಪ್ಪಿದರೆ ಈ ಶಕ್ತಿ ಎಷ್ಟು ಬೇಗ ಕರಗುತ್ತದೆ ಎಂಬುದಕ್ಕೆ ಇನ್ನೊಂದು ಪ್ರಯೋಗವಿದೆ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ 20 ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿದರು. ಮೂರೇ ವಾರಗಳಲ್ಲಿ ಅವರ ಆಮ್ಲಜನಕ ಬಳಕೆಯ ಗರಿಷ್ಠ ಮಿತಿ ಕಾಲು ಭಾಗಕ್ಕಿಂತಲೂ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಹುಡುಕಿ ಮತ್ತೆ ಅಳೆದಾಗ, ಮೂವತ್ತು ವರ್ಷಗಳ ವಯಸ್ಸು ಮಾಡಿದ ಹಾನಿಗಿಂತ ಆ ಮೂರು ವಾರಗಳ ಹಾಸಿಗೆ ಮಾಡಿದ ಹಾನಿಯೇ ಹೆಚ್ಚಾಗಿತ್ತು. ಐವತ್ತರ ಆ ಗಂಡಸರು ಆರು ತಿಂಗಳು ನಿಧಾನವಾಗಿ ನಡಿಗೆ, ಓಟ, ಸೈಕಲ್ ತುಳಿತ ಮಾಡಿದಾಗ, ವಯಸ್ಸಿನಿಂದ ಕಳೆದುಹೋಗಿದ್ದಷ್ಟೂ ಮರಳಿ ಬಂತು ಎಂಬುದು ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ನಾನೇ 2019ರ ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಆರು ವಾರ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದೆ. ಬಿಚ್ಚಿದ ದಿನ ಬಚ್ಚಲಮನೆಯವರೆಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬಂದಿತ್ತು, ಮತ್ತೆ ಮೊದಲಿನಂತಾಗಲು ನಾಲ್ಕು ತಿಂಗಳು ಹಿಡಿಯಿತು.

ಒಂದು ಸರಳ ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ. ಮೂವತ್ತು ದಾಟಿದ ಮೇಲೆ ಸಾಧಾರಣವಾಗಿ ಹತ್ತು ವರ್ಷಕ್ಕೆ ಶೇಕಡಾ ಹತ್ತರಷ್ಟು ಈ ಸಾಮರ್ಥ್ಯ ಇಳಿಯುತ್ತದೆ. ಯಾರ ಹಂಗೂ ಇಲ್ಲದೆ ಮನೆಗೆಲಸ ಮಾಡಿಕೊಂಡು, ಮೆಟ್ಟಿಲು ಹತ್ತಿಕೊಂಡು ಬದುಕಲು ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 15ರಿಂದ 18 ಮಿಲಿಲೀಟರ್ ಬೇಕು. ಮೂವತ್ತರಲ್ಲಿ 40 ಇದ್ದವನು ಎಂಬತ್ತರಲ್ಲೂ 23ರ ಮೇಲಿರುತ್ತಾನೆ. ಮೂವತ್ತರಲ್ಲಿ 28 ಇದ್ದವನು ಎಪ್ಪತ್ತಕ್ಕೇ 18ರ ಅಂಚಿಗೆ ಬಂದಿರುತ್ತಾನೆ. ಅಂದರೆ ಇಂದು ಹದಿನೈದರ ಮಗು ಶಾಲೆಯಲ್ಲಿ ಎಷ್ಟು ಓಡುತ್ತದೆ ಎಂಬುದು, ಅದು ಮುಪ್ಪಿನಲ್ಲಿ ತನ್ನ ಮನೆಯ ಮೆಟ್ಟಿಲನ್ನು ತಾನೇ ಹತ್ತಬಲ್ಲದೇ ಎಂಬ ಪ್ರಶ್ನೆಗೂ ಅಂಟಿಕೊಂಡಿದೆ. ಮನೆಯಲ್ಲಿ ವೃದ್ಧರಿಬ್ಬರೇ ಉಳಿದು, ಮಕ್ಕಳೆಲ್ಲ ದೂರದ ಊರು ಸೇರಿರುವ ಮಲೆನಾಡಿನಲ್ಲಿ ಈ ಪ್ರಶ್ನೆಯ ತೂಕ ತಮಗೆ ನಾನು ವಿವರಿಸಬೇಕಿಲ್ಲ.

ರೋಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವುಗಳ ಅಂಕಿ ಅಂಶ ತಮ್ಮ ಇಲಾಖೆಗಳ ಬಳಿಯೇ ಇವೆ. ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಜನರಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೇಳಿತು; ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಬೇಕಾದಷ್ಟು ದೈಹಿಕ ಚಟುವಟಿಕೆ ಮಾಡುತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೇಳಿತು. ಇವೆರಡರ ನಡುವಿನ ನಂಟು ನೇರವಾದದ್ದು. ದುಡಿಯುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ, ದುಡಿಮೆ ಮುಗಿದ ಮೇಲೂ ಒಂದೆರಡು ದಿನ ಇನ್ಸುಲಿನ್ನಿನ ಮಾತನ್ನು ಚೆನ್ನಾಗಿ ಕೇಳುತ್ತದೆ. ಮಧುಮೇಹದ ಹೊಸ್ತಿಲಲ್ಲಿದ್ದ ಐನೂರಕ್ಕೂ ಹೆಚ್ಚು ಜನರ ಮೇಲೆ ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಡಿಗೆ ಮತ್ತು ಊಟದ ಶಿಸ್ತು ರೋಗದ ಅಪಾಯವನ್ನು ಶೇಕಡಾ 28.5ರಷ್ಟು ತಗ್ಗಿಸಿದರೆ, ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆ 26.4ರಷ್ಟು ತಗ್ಗಿಸಿತ್ತು. ಮಾತ್ರೆಗೆ ಸರಬರಾಜಿನ ವ್ಯವಸ್ಥೆ ಇದೆ, ದಾಸ್ತಾನು ಪುಸ್ತಕ ಇದೆ, ಹೊಣೆ ಹೊತ್ತ ಅಧಿಕಾರಿ ಇದ್ದಾರೆ. ನಡಿಗೆಗೆ ಅದಾವುದೂ ಇಲ್ಲ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಶಾಲೆಯ ವಿಷಯಕ್ಕೆ ಬರುತ್ತೇನೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ, ಮೈ ಬೆವರಿ ಉಸಿರು ಏರುವಷ್ಟು ಚಟುವಟಿಕೆ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ನಡೆದು ಬರುತ್ತಿದ್ದ ಮಕ್ಕಳು ಈಗ ವ್ಯಾನಿನಲ್ಲಿ ಬರುತ್ತಾರೆ. ಎಂಟನೇ ತರಗತಿಯ ಮಕ್ಕಳಿಗೆಂದು 2006–07ರಲ್ಲಿ ಆರಂಭವಾದ ಉಚಿತ ಸೈಕಲ್ ವಿತರಣೆ ಕೋವಿಡ್ ವರ್ಷಗಳಲ್ಲಿ ನಿಂತಿತು. ಉಳಿದಿರುವುದು ಪಿಟಿ ಪೀರಿಯಡ್ ಒಂದೇ. ಅದರ ಪಾಡು ಏನೆಂದರೆ, ನಾನು ಸೇವೆಯಲ್ಲಿದ್ದ ಶಾಲೆಯೊಂದರಲ್ಲಿ ಡಿಸೆಂಬರ್ ಬಂತೆಂದರೆ ಹತ್ತನೇ ತರಗತಿಯ ಪಿಟಿ ಪೀರಿಯಡ್ಡುಗಳನ್ನೆಲ್ಲ ಗಣಿತ, ವಿಜ್ಞಾನದ ವಿಶೇಷ ತರಗತಿಗೆ ಕೊಡಬೇಕಿತ್ತು. ವೇಳಾಪಟ್ಟಿಯಲ್ಲಿ ಮಾತ್ರ ಪಿಟಿ ಎಂದೇ ಇರುತ್ತಿತ್ತು, ನಾನು ಅದಕ್ಕೆ ಸಹಿ ಹಾಕುತ್ತಿದ್ದೆ. ಹಾಗೆ ಹಾಕಿದ ಸಹಿಗಳ ಬಗ್ಗೆ ನನಗೆ ಇಂದಿಗೂ ನೋವಿದೆ. ಆ ಶಿಕ್ಷಕರ ಮೇಲೆ ನನಗೆ ಸಿಟ್ಟಿಲ್ಲ, ಫಲಿತಾಂಶದ ಒತ್ತಡ ಅವರ ಹೆಗಲ ಮೇಲಿತ್ತು. ಆದರೆ ಆಟ ಕಸಿದುಕೊಂಡರೆ ಅಂಕ ಹೆಚ್ಚುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2010ರಲ್ಲಿ 50 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಶಾಲೆಯ ದೈಹಿಕ ಚಟುವಟಿಕೆಗೂ ಕಲಿಕೆಗೂ ಇರುವ ಸಂಬಂಧಗಳಲ್ಲಿ ಅರ್ಧದಷ್ಟು ಅನುಕೂಲಕರವಾಗಿಯೂ ಉಳಿದವು ಬಹುಮಟ್ಟಿಗೆ ಯಾವ ಪರಿಣಾಮವನ್ನೂ ತೋರಿಸದೆಯೂ ಇದ್ದವು. ಕಲಿಕೆಗೆ ಕೆಡುಕಾದ ಉದಾಹರಣೆ ನೂರಕ್ಕೆ ಒಂದೆರಡು ಮಾತ್ರ.

ಹೆಣ್ಣುಮಕ್ಕಳ ವಿಷಯ ಇನ್ನೂ ಗಂಭೀರವಾದದ್ದು. ಸುಮಾರು ಹದಿನೈದು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿ 600 ಮೀಟರ್ ಓಟದಲ್ಲಿ ಪ್ರತಿ ಸಲವೂ ಎರಡನೇ ಸುತ್ತಿನಲ್ಲಿ ನಿಂತುಬಿಡುತ್ತಿದ್ದಳು. ಸೋಮಾರಿತನ ಬಿಡು ಎಂದು ನಾನು ಎಲ್ಲರೆದುರು ಗದರಿಸಿದೆ. ಅವಳು ಏನೂ ಹೇಳದೆ, ಗಡಿಗೆಂದು ಎಳೆದ ಸುಣ್ಣದ ಗೆರೆಯನ್ನೇ ನೋಡುತ್ತ ನಿಂತಳು. ವಿಜ್ಞಾನದ ಮೇಡಂ ಅವಳನ್ನು ಪಕ್ಕಕ್ಕೆ ಕರೆದು ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದಾಗ ಅದು ಕಾಗದದಂತೆ ಬೆಳ್ಳಗಿತ್ತು. ಆಸ್ಪತ್ರೆಯಲ್ಲಿ ಪರೀಕ್ಷಿಸಿದರೆ ಹಿಮೋಗ್ಲೋಬಿನ್ ನೂರು ಮಿಲಿಲೀಟರ್ ರಕ್ತಕ್ಕೆ 8.2 ಗ್ರಾಂ. ಒಂದು ಗ್ರಾಂ ಹಿಮೋಗ್ಲೋಬಿನ್ 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. 13 ಗ್ರಾಂ ಇರುವ ಗೆಳತಿಯ ನೂರು ಮಿಲಿಲೀಟರ್ ರಕ್ತ 17 ಮಿಲಿಲೀಟರ್ ಆಮ್ಲಜನಕ ಹೊತ್ತು ಓಡುತ್ತಿದ್ದರೆ ಈ ಮಗುವಿನ ರಕ್ತ ಹೊತ್ತಿದ್ದುದು 11 ಮಿಲಿಲೀಟರ್. ಹೃದಯ ಅಷ್ಟು ಜೋರಾಗಿ ಬಡಿದುಕೊಂಡರೂ ಕಾಲಿಗೆ ಬೇಕಾದಷ್ಟು ಮುಟ್ಟುತ್ತಿರಲಿಲ್ಲ. ಆಕ್ಸಿಮೀಟರ್ ಹಾಕಿದ್ದರೆ ಅದು ಆಗಲೂ 98 ಎಂದೇ ತೋರಿಸುತ್ತಿತ್ತು, ಏಕೆಂದರೆ ಇದ್ದಷ್ಟು ಹಿಮೋಗ್ಲೋಬಿನ್ ತುಂಬಿಯೇ ಇತ್ತು. ಜಂತುಹುಳದ ಔಷಧಿ ಮತ್ತು ಕಬ್ಬಿಣಾಂಶದ ಮಾತ್ರೆ ತೆಗೆದುಕೊಂಡು ನಾಲ್ಕು ತಿಂಗಳಾದ ಮೇಲೆ ಅವಳು ಮೂರೂ ಸುತ್ತು ಮುಗಿಸಿದಳು. ನಾನು ಅವಳ ಕ್ಷಮೆ ಕೇಳಿದೆ. ಕೇಳಿದ್ದು ಒಬ್ಬಳೊಬ್ಬಳಲ್ಲಿ, ಗದರಿಸಿದ್ದು ಎಲ್ಲರೆದುರು, ಅದು ಸರಿಯಾಗಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ. ಓಟದಲ್ಲಿ ಹಿಂದುಳಿಯುವ ಹುಡುಗಿಯನ್ನು ಬೈಯುವ ಮೊದಲು ರಕ್ತ ಪರೀಕ್ಷೆಗೆ ಕಳಿಸಬೇಕೆಂದು ಪ್ರತಿಯೊಬ್ಬ ದೈಹಿಕ ಶಿಕ್ಷಕರಿಗೂ ಇಲಾಖೆಯೇ ತಿಳಿಸಬೇಕು.

ಇದಕ್ಕೆ ಹೊಸ ಯೋಜನೆಯೇನೂ ಬೇಕಿಲ್ಲ. 2019ರ ಆಗಸ್ಟ್ 29ರಂದು ಆರಂಭವಾದ ಫಿಟ್ ಇಂಡಿಯಾ ಕಾರ್ಯಕ್ರಮದಡಿ, ಒಂಬತ್ತು ವರ್ಷ ಮೇಲ್ಪಟ್ಟ ಶಾಲಾ ಮಕ್ಕಳ ಪರೀಕ್ಷೆಗಳಲ್ಲಿ 600 ಮೀಟರ್ ಓಟ ಅಥವಾ ನಡಿಗೆ ಸೇರಿದೆ. ಅದನ್ನು ವರ್ಷಕ್ಕೆ ಎರಡು ಬಾರಿ, ಜೂನ್ ಮಳೆ ಹಿಡಿಯುವ ಮುಂಚೆ ಮತ್ತು ಚಳಿಗಾಲದ ಕೊನೆಗೆ, ಮೈದಾನದಲ್ಲಿ ನಿಜವಾಗಿಯೂ ಓಡಿಸಿ ದಾಖಲಿಸಿದರೆ ಸಾಕು. ಮೊದಲ ಮೂವರ ಹೆಸರು ಘೋಷಿಸುವ ಅಗತ್ಯವಿಲ್ಲ. ಪ್ರತಿ ಮಗುವಿನ ಸಮಯವನ್ನು ಅದರದೇ ಹಿಂದಿನ ಸಮಯದೊಂದಿಗೆ ಹೋಲಿಸಬೇಕು. ಒಂದೇ ಬಗೆಯ ತರಬೇತಿಗೆ ದೇಹಗಳು ಬೇರೆ ಬೇರೆಯಾಗಿ ಸ್ಪಂದಿಸುತ್ತವೆ, ಕೆಲವರಲ್ಲಿ ಬೇಗ, ಕೆಲವರಲ್ಲಿ ತಡವಾಗಿ. ಹೋಲಿಕೆಯಿಂದ ಅವಮಾನಗೊಂಡ ಮಗು ಮೈದಾನವನ್ನೇ ದ್ವೇಷಿಸಲು ಕಲಿಯುತ್ತದೆ.

ದೊಡ್ಡವರ ವಿಷಯಕ್ಕೆ ಬಂದರೆ, ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆ ಎಂಬುದು ಎಲ್ಲರೂ ಕೇಳಿರುವ ಸಲಹೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಚುರುಕು ಸಾಕು. ಆದರೆ ನಡೆಯುವುದೆಲ್ಲಿ? ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಹೆದ್ದಾರಿಯಂಥ ಕಡೆ ಟಾರಿನ ಅಂಚು ಮುಗಿದಲ್ಲೇ ಚರಂಡಿ ಶುರುವಾಗುತ್ತದೆ. ಮುಸ್ಸಂಜೆ ಲಾರಿ ಬಂದರೆ ನಡೆಯುವವರು ಚರಂಡಿಗೇ ಇಳಿಯಬೇಕು. ಕಾಡಿನ ಒಳದಾರಿ ಹಿಡಿಯೋಣವೆಂದರೆ ಡಿಸೆಂಬರಿನಿಂದ ಮೇ ತನಕ ಉಣುಗಿನ ಭಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಜೂನ್ ಬಂದರೆ ಮಳೆ. ನಾನು ಮಳೆಗಾಲದಲ್ಲಿ ಮನೆಯ ಜಗಲಿಯ ಈ ತುದಿಯಿಂದ ಆ ತುದಿಗೆ ಅರ್ಧ ಗಂಟೆ ನಡೆಯುತ್ತೇನೆ, ಹನ್ನೊಂದು ಮೀಟರಿನ ಜಗಲಿ ಇರುವುದರಿಂದ ನನಗದು ಸಾಧ್ಯ; ಎರಡು ಕೋಣೆಯ ಮನೆಯಲ್ಲಿರುವವರು ಏನು ಮಾಡಬೇಕು? ಅನೇಕ ಪಂಚಾಯಿತಿಗಳಲ್ಲಿ ಸಮುದಾಯ ಭವನವಿದೆ, ಮದುವೆ ಇಲ್ಲದ ದಿನಗಳಲ್ಲಿ ಅದಕ್ಕೆ ಬೀಗ. ಶಾಲಾ ಮೈದಾನಕ್ಕೂ ಸಂಜೆ ಐದರ ನಂತರ ಬೀಗ. ಬೀಗ ಹಾಕಲು ಕಾರಣವಿದೆ, ನನಗೆ ಗೊತ್ತು. ಬೆಳಿಗ್ಗೆ ಮಕ್ಕಳು ಬರುವ ಮುಂಚೆ ಒಡೆದ ಬಾಟಲಿಯ ಚೂರು ಹೆಕ್ಕಿದವನು ನಾನೇ. ಆದರೆ ಜನ ನಡೆದಾಡುವ ಮೈದಾನದಲ್ಲಿ ಕುಡಿಯಲು ಕೂರುವವರು ಕಡಿಮೆ. ಬೀಗದ ಕೈಯನ್ನು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಮತ್ತು ಊರಿನ ಸಂಘಗಳ ಹೊಣೆಗೆ ಕೊಟ್ಟು, ಬೆಳಿಗ್ಗೆ ಐದೂವರೆಯಿಂದ ಎಂಟರ ತನಕ, ಸಂಜೆ ಐದರಿಂದ ಏಳೂವರೆಯ ತನಕ ತೆರೆದಿಡುವ ಆದೇಶವೊಂದು ಬಂದರೆ, ಹೆಂಗಸರು ನೈಟಿಯ ಮೇಲೆ ಟವೆಲ್ ಹೊದ್ದು ರಸ್ತೆ ಬದಿಯಲ್ಲಿ ಹೆದರಿ ಹೆದರಿ ನಡೆಯುವುದು ತಪ್ಪುತ್ತದೆ.

ಹಾಸನ ಜಿಲ್ಲೆಯಲ್ಲಿ 2025ರ ಜೂನ್–ಜುಲೈನಲ್ಲಿ ಹೃದಯಾಘಾತದ ಸಾವುಗಳು ಸುದ್ದಿಯಾದ ಮೇಲೆ, ಓಡಿದರೆ ಹೃದಯಕ್ಕೆ ಅಪಾಯವೆಂಬ ಭಯ ನಮ್ಮ ಕಡೆಯೂ ಹಬ್ಬಿದೆ. ಭಯದಲ್ಲಿ ಸ್ವಲ್ಪ ಸತ್ಯವಿದೆ. ಭಾರೀ ಶ್ರಮದ ಹೊತ್ತಿನಲ್ಲಿ ಹೃದಯಾಘಾತದ ಸಾಧ್ಯತೆ ಆ ಕ್ಷಣಕ್ಕೆ ಏರುತ್ತದೆ. ಆದರೆ 1993ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಅಭ್ಯಾಸವೇ ಇಲ್ಲದವರಲ್ಲಿ ಅದು ನೂರು ಪಟ್ಟಿಗೂ ಹೆಚ್ಚು ಏರಿದರೆ, ವಾರಕ್ಕೆ ಐದು ದಿನ ಶ್ರಮದ ವ್ಯಾಯಾಮ ಮಾಡುವವರಲ್ಲಿ ಎರಡೂವರೆ ಪಟ್ಟಿನಷ್ಟೂ ಏರಿರಲಿಲ್ಲ. ಹಾಗಾಗಿ ಅಪಾಯವಿರುವುದು ವರ್ಷವಿಡೀ ಕುಳಿತು ಒಂದು ದಿನ ಮೈ ಮುರಿಯುವುದರಲ್ಲಿ. ಎದೆನೋವು, ತಲೆಸುತ್ತು, ಹಿಂದಿಲ್ಲದ ಏದುಸಿರು ಕಂಡವರು ಮೊದಲು ವೈದ್ಯರಲ್ಲಿಗೆ ಹೋಗಬೇಕು. ಉಳಿದವರು ನಡಿಗೆಯಿಂದ ಆರಂಭಿಸಿ ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಬೇಕು.

ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಬಿಪಿ, ಶುಗರ್ ಅಳೆಯುವ ಜೊತೆಗೆ ಆರು ನಿಮಿಷದ ನಡಿಗೆ ಪರೀಕ್ಷೆಯನ್ನೂ ಸೇರಿಸಿ ಎಂಬುದು ನನ್ನ ಕೋರಿಕೆ. 30 ಮೀಟರ್ ನೇರ ಜಾಗ, ಎರಡು ಕಲ್ಲು, ಒಂದು ಗಡಿಯಾರ. ಆರು ನಿಮಿಷದಲ್ಲಿ ಆ ವ್ಯಕ್ತಿ ಎಷ್ಟು ಮೀಟರ್ ನಡೆದರೆಂದು ಬರೆದಿಟ್ಟರಾಯಿತು. ಆರು ತಿಂಗಳ ನಂತರ ಮತ್ತೆ ನಡೆಸಿದಾಗ 380 ಇದ್ದದ್ದು 430 ಆದರೆ, ಆ ಹಿಗ್ಗನ್ನು ಯಾವ ಮಾತ್ರೆಯ ಚೀಟಿಯೂ ಕೊಡಲಾರದು.

ಈ ಜಿಲ್ಲೆಯ ಎಲ್ಲ ಶಾಲೆಗಳಲ್ಲಿ ಪಿಟಿ ಪೀರಿಯಡ್ ಬೇರೆ ವಿಷಯಕ್ಕೆ ಹೋಗಕೂಡದೆಂಬ ಲಿಖಿತ ಸೂಚನೆ ಮತ್ತು ಮೈದಾನಗಳ ಬೀಗ ತೆಗೆಯುವ ಆದೇಶ, ಇವೆರಡಾದರೂ ಮುಂದಿನ ಆಗಸ್ಟ್ 29ರ ಕ್ರೀಡಾ ದಿನದೊಳಗೆ ಹೊರಡಬೇಕೆಂದು ಬೇಡಿಕೊಳ್ಳುತ್ತೇನೆ. ರಸ್ತೆಯ ಅಂಚಿಗೆ ಹಣ ಬೇಕು, ಅದು ತಡವಾಗಬಹುದು. ಇವೆರಡಕ್ಕೆ ಹಣ ಬೇಡ. ನಮ್ಮ ಹೋಬಳಿಯ ಶಾಲೆಗಳಲ್ಲಿ 600 ಮೀಟರ್ ಓಟ ನಡೆಸಲು, ಆರು ನಿಮಿಷದ ನಡಿಗೆಯನ್ನು ಆಶಾ ಕಾರ್ಯಕರ್ತೆಯರಿಗೆ ತೋರಿಸಿಕೊಡಲು ಸಂಬಳವಿಲ್ಲದೆ ಬರಲು ನಾನು ಸಿದ್ಧನಿದ್ದೇನೆ. ನನ್ನ ಬಳಿ ಎರಡು ಸ್ಟಾಪ್‌ವಾಚ್, ಒಂದು ಅಳತೆ ಟೇಪು ಮತ್ತು ಸುಣ್ಣ ಎಳೆಯುವ ಡಬ್ಬಿ ಇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ